ಶಿವಗಂಗೆಯ ನಾಲ್ಕು ಮುಖಗಳು: ದೃಶ್ಯಕಲೆಯ ಮೊದಲ ಪಾಠವನ್ನು ಕುರಿತು ಒಂದು ವಿಮರ್ಶೆ

೧

ನೆಲಮಂಗಲ ತಾಲ್ಲೂಕಿನ ಶಿವಗಂಗೆಯ ಬೆಟ್ಟವನ್ನು ಕುರಿತು ಬಹುಕಾಲದಿಂದ ನಡೆದುಬಂದ ಮಾತೊಂದುಂಟು. ಪೂರ್ವದಿಂದ ನೋಡಿದರೆ ಅದು ನಂದಿಯಂತೆ, ಪಶ್ಚಿಮದಿಂದ ಗಣಪತಿಯಂತೆ, ದಕ್ಷಿಣದಿಂದ ಲಿಂಗದಂತೆ, ಉತ್ತರದಿಂದ ಹೆಡೆಯೆತ್ತಿದ ಸರ್ಪದಂತೆ ತೋರುತ್ತದೆ ಎಂಬುದೇ ಆ ಮಾತು. ಯಾತ್ರಿಕನಿಗೆ ಇದು ಕ್ಷೇತ್ರದ ಮಹಿಮೆ. ಗೆಜೆಟಿಯರನ್ನು ಬರೆದವರಿಗೆ ದಾಖಲಿಸಿಡತಕ್ಕ ಸ್ವಾರಸ್ಯ. ಚಿತ್ರಕಲೆಯನ್ನು ಕಲಿಸುವವನಿಗೆ ಇದು ಏನು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಂತೆ ಕಾಣುವುದಿಲ್ಲ. ಕೇಳಿಕೊಂಡರೆ, ನಮ್ಮ ಕಾಲೇಜುಗಳಲ್ಲಿ ಈಗ ನಡೆಯುತ್ತಿರುವ ಬುನಾದಿ ಪಾಠದ ಬಲ ಯಾವುದು, ದೌರ್ಬಲ್ಯ ಯಾವುದು ಎಂಬುದು ಸ್ಪಷ್ಟವಾಗುತ್ತದೆಂದು ನಮ್ಮ ಭಾವನೆ.

ದೃಶ್ಯಕಲೆಯ ಪದವಿಗೆ ಸೇರಿದ ವಿದ್ಯಾರ್ಥಿಗೆ ಮೊದಲು ಪರಿಚಯವಾಗುವುದು ಎರಡು ಪಟ್ಟಿಗಳು. ಬಿಂದು, ರೇಖೆ, ಆಕಾರ, ಘನರೂಪ, ಬಣ್ಣ, ಛಾಯೆ, ಮೈವಳಿಕೆ, ಅವಕಾಶ ಇವು ಮೂಲಾಂಶಗಳು. ಸಮತೋಲ, ಲಯ, ಪ್ರಮಾಣ, ವೈದೃಶ್ಯ, ಏಕತೆ ಇವು ತತ್ತ್ವಗಳು. ವಿದ್ಯಾರ್ಥಿ ಇವುಗಳ ಲಕ್ಷಣವನ್ನು ಬರೆದುಕೊಳ್ಳುತ್ತಾನೆ. ಒಂದೊಂದಕ್ಕೂ ಒಂದೊಂದು ಹಾಳೆಯನ್ನು ಚೊಕ್ಕಟವಾಗಿ ತುಂಬಿಸಿ ಒಪ್ಪಿಸುತ್ತಾನೆ. ಹಾಳೆಗಳಲ್ಲಿ ತಪ್ಪಿರುವುದಿಲ್ಲ. ಆದರೆ ವರ್ಷದ ಕೊನೆಗೆ ಅವನ ಕಣ್ಣು ಮೊದಲಿಗಿಂತ ಹೆಚ್ಚಿನದನ್ನು ಕಾಣುತ್ತಿದೆಯೆ ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ. ಪಟ್ಟಿಯನ್ನು ಕಲಿಯುವುದು ಬೇರೆ, ನೋಡುವುದನ್ನು ಕಲಿಯುವುದು ಬೇರೆ. ಮೊದಲನೆಯದು ಎರಡನೆಯದರ ಸ್ಥಾನವನ್ನು ಆಕ್ರಮಿಸಿರುವುದೇ ನಮ್ಮ ಬುನಾದಿ ಪಾಠದ ಮುಖ್ಯ ದೋಷವೆಂಬುದು ಪ್ರಕೃತ ಲೇಖನದ ವಾದ.

೨

ಈ ಪಟ್ಟಿಗಳು ಅನಾದಿಯಲ್ಲ. ಅಮೆರಿಕದ ಆರ್ಥರ್ ವೆಸ್ಲಿ ಡೌ ೧೮೯೯ರಲ್ಲಿ ಪ್ರಕಟಿಸಿದ ‘ಕಾಂಪೊಸಿಷನ್’ ಎಂಬ ಪಠ್ಯದಲ್ಲಿ ಮೂಲಾಂಶಗಳು ಮೂರೇ: ರೇಖೆ, ಕಪ್ಪುಬಿಳುಪಿನ ಹಂಚಿಕೆ, ಬಣ್ಣ. ಎರಡನೆಯದಕ್ಕೆ ಆತ ‘ನೋಟನ್’ ಎಂಬ ಜಪಾನೀ ಹೆಸರನ್ನೇ ಇಟ್ಟುಕೊಂಡನು. ಮುಂದೆ ಬಂದವರು ಮೂರನ್ನು ಏಳೆಂಟಾಗಿ ಬೆಳೆಸಿದರು. ನಮ್ಮಲ್ಲಿ ವಾತ್ಸ್ಯಾಯನನ ಕಾಮಸೂತ್ರಕ್ಕೆ ಯಶೋಧರನು ಬರೆದ ವ್ಯಾಖ್ಯಾನದಲ್ಲಿ ಚಿತ್ರಕ್ಕೆ ಆರು ಅಂಗಗಳು: ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಮೂರು, ಆರು, ಎಂಟು ಎಂಬ ಲೆಕ್ಕದಲ್ಲಿ ಯಾವುದು ಸರಿ ಎಂದು ಕೇಳುವುದು ವ್ಯರ್ಥ. ಇವೆಲ್ಲ ಕಣ್ಣಿನ ಕೆಲಸಕ್ಕೆ ಒದಗುವ ಉಪಕರಣಗಳು. ಉಪಕರಣವನ್ನು ಬಾಯಿಪಾಠ ಮಾಡಿದವನು ಕುಶಲಿಯಾಗುವುದಿಲ್ಲ.

ಇಂದಿನ ಬುನಾದಿ ಪಾಠಕ್ಕೆ ಹತ್ತಿರದ ಮೂಲವೆಂದರೆ ೧೯೧೯ರಲ್ಲಿ ಜರ್ಮನಿಯ ವೈಮಾರಿನಲ್ಲಿ ಆರಂಭವಾದ ಬೌಹೌಸ್ ಶಾಲೆ. ಅಲ್ಲಿ ಯೋಹಾನೆಸ್ ಇಟ್ಟೆನ್ ಅವರು ನಡೆಸಿದ ಪ್ರಾರಂಭಿಕ ತರಗತಿಯಲ್ಲಿ ಲಕ್ಷಣ ವಾಕ್ಯಗಳಿಗಿಂತ ಸಾಮಗ್ರಿಗೆ ಪ್ರಾಧಾನ್ಯವಿತ್ತು. ಮರ, ಬಟ್ಟೆ, ತುಪ್ಪಳಗಳನ್ನು ವಿದ್ಯಾರ್ಥಿ ಬೆರಳಿನಿಂದ ಮುಟ್ಟಿ ತಿಳಿದು, ಬಳಿಕ ಅವುಗಳ ಮೈವಳಿಕೆಯನ್ನು ಬರೆಯಬೇಕಾಗಿತ್ತು. ಈ ಶಾಲೆಯ ಕೃತಿಗಳು ೧೯೨೨ರ ಡಿಸೆಂಬರಿನಲ್ಲಿಯೇ ಕಲ್ಕತ್ತೆಯಲ್ಲಿ ಪ್ರದರ್ಶಿತವಾದವು. ಶಾಂತಿನಿಕೇತನದ ಕಲಾಭವನ ಹುಟ್ಟಿದ್ದೂ ೧೯೧೯ರಲ್ಲಿಯೇ, ಬೆಂಗಳೂರಿನಲ್ಲಿ ಅ. ನ. ಸುಬ್ಬರಾಯರು ಕಲಾಮಂದಿರವನ್ನು ಸ್ಥಾಪಿಸಿದ್ದೂ ಅದೇ ವರ್ಷ. ಕಲಾಭವನದಲ್ಲಿ ನಂದಲಾಲ ಬಸು ಅವರು ವಿದ್ಯಾರ್ಥಿಗಳ ಕಣ್ಣನ್ನು ಸುತ್ತಲಿನ ಮರಗಿಡಗಳ ಕಡೆಗೆ, ಹಳ್ಳಿಯ ಬಾಳಿನ ಕಡೆಗೆ ತಿರುಗಿಸಿದರು. ವೈಮಾರಿನ ದಾರಿ ಬೇರೆ, ಶಾಂತಿನಿಕೇತನದ ದಾರಿ ಬೇರೆ; ಆದರೆ ಎರಡೂ ಕಡೆ ಅನುಭವ ಮೊದಲು ಬಂದಿತು, ಹೆಸರು ಆಮೇಲೆ ಬಂದಿತು. ಅಲ್ಲಿಂದ ನಮ್ಮ ತರಗತಿಗೆ ಬರುವ ಹೊತ್ತಿಗೆ ಹೆಸರು ಉಳಿದು ಅನುಭವ ಸೋರಿಹೋಯಿತು.

೩

ಇನ್ನು ಬೆಟ್ಟಕ್ಕೆ ಬರೋಣ. ಸಮುದ್ರಮಟ್ಟದಿಂದ ಸುಮಾರು ೪,೫೦೦ ಅಡಿ ಎತ್ತರದ ಈ ಕಲ್ಲುಬೆಟ್ಟಕ್ಕೆ ನಾಲ್ಕು ಆಕಾರಗಳಿವೆಯೆಂದರೆ ಅರ್ಥವೇನು? ಬೆಟ್ಟದ ಘನರೂಪ ಒಂದೇ. ಅದರ ಆಕಾರ, ಎಂದರೆ ಆಕಾಶಕ್ಕೆದುರಾಗಿ ಕಾಣುವ ಹೊರರೇಖೆ, ನೋಡುವವನು ನಿಂತ ನೆಲೆಯನ್ನು ಅನುಸರಿಸಿ ಬದಲಾಗುತ್ತದೆ. ಘನರೂಪಕ್ಕೂ ಆಕಾರಕ್ಕೂ ಇರುವ ವ್ಯತ್ಯಾಸವನ್ನು ತಿಳಿಸಲು ಪುಸ್ತಕಗಳು ಘನಚೌಕ ಮತ್ತು ಚೌಕಗಳ ನಕ್ಷೆಯನ್ನು ಕೊಡುತ್ತವೆ. ಶಿವಗಂಗೆಯ ಸುತ್ತಲಿನ ಜನ ಅದೇ ವ್ಯತ್ಯಾಸವನ್ನು ನಾಲ್ಕು ದಿಕ್ಕುಗಳಿಗೂ ಹೆಸರಿಟ್ಟು ನೆನಪಿನಲ್ಲಿ ಉಳಿಸಿಕೊಂಡಿದ್ದಾರೆ.

ಎರಡನೆಯದು ಬೆಳಕು. ಬೆಳಗ್ಗೆ ಬೆಟ್ಟದ ಪೂರ್ವಕ್ಕೆ ನಿಂತವನ ಬೆನ್ನಿಗೆ ಸೂರ್ಯನಿರುತ್ತಾನೆ. ಆಗ ಬಂಡೆಯ ಬಿರುಕು, ಮಳೆನೀರು ಇಳಿದ ಕಪ್ಪು ಗೆರೆ, ಸಂದಿನಲ್ಲಿ ಬೆಳೆದ ಕುರುಚಲು ಎಲ್ಲವೂ ಕಣ್ಣನ್ನು ಸೆಳೆಯುತ್ತವೆ. ವಿವರ ಹೆಚ್ಚಿದಂತೆ ಒಟ್ಟು ಆಕಾರ ಹಿಂದೆ ಸರಿಯುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಸೂರ್ಯ ಬೆಟ್ಟದ ಹಿಂದಿರುತ್ತಾನೆ. ವಿವರಗಳೆಲ್ಲ ಒಂದೇ ಕಪ್ಪಿನಲ್ಲಿ ಅಡಗಿ ಹೊರರೇಖೆಯೊಂದೇ ಉಳಿಯುತ್ತದೆ. ಡೌ ಹೇಳಿದ ಕಪ್ಪುಬಿಳುಪಿನ ಹಂಚಿಕೆಗೆ ಇದಕ್ಕಿಂತ ಉತ್ತಮವಾದ ನಿದರ್ಶನ ಬೇಕೆ? ಒಂದೇ ನೋಟವನ್ನು ಬೆಳಕಿನ ವಿವಿಧ ಸ್ಥಿತಿಗಳಲ್ಲಿ ಕಾದು ನೋಡುವ ತಾಳ್ಮೆಯನ್ನು ಕನ್ನಡ ನಾಡಿನಲ್ಲಿ ಕೆ. ವೆಂಕಟಪ್ಪನವರು ತೋರಿಸಿಕೊಟ್ಟಿದ್ದಾರೆ. ಊಟಿ, ಕೊಡೈಕೆನಾಲುಗಳ ಮಂಜನ್ನೂ ಮೋಡವನ್ನೂ ಅವರು ಜಲವರ್ಣದಲ್ಲಿ ಹಿಡಿದ ಬಗೆಯನ್ನು ನಮ್ಮ ವಿದ್ಯಾರ್ಥಿಗಳು ಅವಶ್ಯವಾಗಿ ಅಭ್ಯಾಸ ಮಾಡಬೇಕು.

ಮೂರನೆಯದು ದೂರ. ಬೆಟ್ಟವನ್ನು ಹತ್ತತೊಡಗಿದೊಡನೆ ನಂದಿಯೂ ಇಲ್ಲ, ಸರ್ಪವೂ ಇಲ್ಲ. ಕಾಲಿಗೆ ಸಿಕ್ಕುವುದು ಮೆಟ್ಟಿಲು, ಕೈಗೆ ಸಿಕ್ಕುವುದು ಒರಟು ಕಲ್ಲು. ದೂರ ಆಕಾರವನ್ನು ಕೊಡುತ್ತದೆ, ಸಾಮೀಪ್ಯ ಮೈವಳಿಕೆಯನ್ನು ಕೊಡುತ್ತದೆ. ಎರಡನ್ನೂ ಒಂದೇ ನೆಲೆಯಲ್ಲಿ ಪೂರ್ಣವಾಗಿ ಪಡೆಯಲಾಗದು. ಮೇಲೆ ಕೋಡುಗಲ್ಲಿನಲ್ಲಿ ಮನುಷ್ಯನು ಕಡೆದ ಬಸವನಿದ್ದಾನೆ. ಅವನನ್ನು ಇಕ್ಕಟ್ಟಿನ ಜಾಗದಲ್ಲಿ ಸುತ್ತುವ ಭಕ್ತನಿಗೆ ಒಮ್ಮೆಗೆ ಭುಜ, ಒಮ್ಮೆಗೆ ಬೆನ್ನು ಮಾತ್ರ ಕಾಣುತ್ತದೆ. ಇಡೀ ಬಸವ ಅವನ ಮನಸ್ಸಿನಲ್ಲಿ ಕೂಡಿಕೊಳ್ಳುತ್ತಾನೆ. ಹೀಗೆ ಒಂದೇ ಬೆಟ್ಟದಲ್ಲಿ ಇಬ್ಬರು ನಂದಿಗಳು. ಒಬ್ಬನನ್ನು ಉಳಿಯಿಲ್ಲದೆ ದೂರವೇ ಮಾಡಿದೆ. ಇನ್ನೊಬ್ಬನನ್ನು ಉಳಿ ಮಾಡಿದೆ. ಮೊದಲನೆಯವನು ಚಿತ್ರಕಾರನ ಸಮಸ್ಯೆ, ಎರಡನೆಯವನು ಶಿಲ್ಪಿಯ ಸಮಸ್ಯೆ. ಇವರಿಬ್ಬರ ಭೇದವನ್ನು ಅರಿತ ವಿದ್ಯಾರ್ಥಿಗೆ ಎರಡು ಆಯಾಮ, ಮೂರು ಆಯಾಮ ಎಂಬ ಮಾತುಗಳನ್ನು ಮತ್ತೆ ವಿವರಿಸಬೇಕಾಗಿಲ್ಲ.

೪

ಇಷ್ಟಕ್ಕೆ ನಿಲ್ಲಿಸಿದರೆ, ನಮ್ಮ ಪರಂಪರೆಯಲ್ಲಿ ಎಲ್ಲವೂ ಇದೆ, ಹೊರಗಿನಿಂದ ಕಲಿಯತಕ್ಕದ್ದೇನೂ ಇಲ್ಲ ಎಂಬ ಸುಲಭವಾದ ತೀರ್ಮಾನಕ್ಕೆ ಬಂದಂತಾಗುತ್ತದೆ. ಅದು ನಮಗೆ ಒಪ್ಪಿಗೆಯಲ್ಲ. ಇಪ್ಪತ್ತನೆಯ ಶತಮಾನದ ಆದಿಭಾಗದಲ್ಲಿ ಅವನೀಂದ್ರನಾಥ ಠಾಕೂರರು ಷಡಂಗವನ್ನು ವಿವರಿಸಿ ಬರೆದ ಮೇಲೆ ಅದನ್ನು ಉದ್ಧರಿಸುವುದು ರೂಢಿಯಾಯಿತು. ಆದರೆ ಆರು ಅಂಗಗಳನ್ನು ಒಪ್ಪಿಸುವ ವಿದ್ಯಾರ್ಥಿಗೂ ಎಂಟು ಮೂಲಾಂಶಗಳನ್ನು ಒಪ್ಪಿಸುವ ವಿದ್ಯಾರ್ಥಿಗೂ ಕಣ್ಣಿನ ಮಟ್ಟಿಗೆ ಅಂತರವೇನೂ ಇಲ್ಲ. ಬೆಟ್ಟದ ವಿಷಯದಲ್ಲಿಯೂ ಇದೇ ಅಪಾಯವುಂಟು.

ನಮ್ಮದೇ ತಪ್ಪೊಂದನ್ನು ಇಲ್ಲಿ ಹೇಳಬೇಕು. ಒಮ್ಮೆ ಕಿರಿಯ ವಿದ್ಯಾರ್ಥಿಗಳನ್ನು ಬೆಟ್ಟದ ಪೂರ್ವಕ್ಕೆ ಕರೆದೊಯ್ದು, ನಂದಿಯ ಮಾತನ್ನು ಮೊದಲು ಹೇಳಿ, ಬಳಿಕ ಚಿತ್ರ ಬರೆಯಲು ಹೇಳಿದೆವು. ಬಹುಮಂದಿಯ ಹಾಳೆಯಲ್ಲಿ ಎತ್ತು ಮೂಡಿತು. ಕೆಲವಕ್ಕೆ ಕೊಂಬೂ ಬಂದವು. ಬೆಟ್ಟಕ್ಕೆ ಕೊಂಬೆಲ್ಲಿಯದು? ಅವರು ಬರೆದದ್ದು ಕಂಡದ್ದನ್ನಲ್ಲ, ಕೇಳಿದ್ದನ್ನು. ಒಬ್ಬ ವಿದ್ಯಾರ್ಥಿನಿಯ ಹಾಳೆಯಲ್ಲಿ ಮಾತ್ರ ಒಂದು ಉದ್ದನೆಯ ಇಳಿಜಾರು, ಒಂದು ತಗ್ಗು, ಒಂದು ಏರು ಇಷ್ಟೇ ಇದ್ದವು. ಕೇಳಿದಾಗ ಆಕೆ ಅಂಜುತ್ತಲೇ, “ನಂದಿ ನನಗೆ ಕಾಣಲಿಲ್ಲ, ಸಾರ್, ಕಂಡಷ್ಟನ್ನು ಬರೆದಿದ್ದೇನೆ” ಎಂದಳು. ಹಾಳೆಗಳನ್ನು ಗೋಡೆಗೆ ಅಂಟಿಸಿ ದೂರದಿಂದ ನೋಡಿದಾಗ ಆ ಚಿತ್ರದಲ್ಲಿ ಕೆಲವರು ನಂದಿಯನ್ನು ಕಂಡರು, ಕೆಲವರು ಕಾಣಲಿಲ್ಲ. ಆದರೆ ಚರ್ಚೆಗೆ ಎಡೆಕೊಟ್ಟದ್ದು ಅದೊಂದೇ ಹಾಳೆ. ಮಿಕ್ಕವುಗಳಲ್ಲಿ ಚರ್ಚಿಸುವುದಕ್ಕೇನೂ ಉಳಿದಿರಲಿಲ್ಲ. ಸಾದೃಶ್ಯವೆಂಬುದು ವಸ್ತುವಿನಲ್ಲಿ ಮಾತ್ರ ಇರುವುದಲ್ಲ, ನೋಡುವವನ ಮನಸ್ಸಿನಲ್ಲಿ ಮಾತ್ರ ಇರುವುದೂ ಅಲ್ಲ. ರೂಪಭೇದವನ್ನು ಪ್ರಾಮಾಣಿಕವಾಗಿ ಗುರುತಿಸಿದ ಮೇಲೆ ಎರಡರ ನಡುವೆ ಹುಟ್ಟುವುದು. ಅಂದು ಪಾಠ ಕಲಿತವರು ನಾವು.

೫

ಎಲ್ಲ ಕಾಲೇಜುಗಳ ಸಮೀಪದಲ್ಲಿಯೂ ಶಿವಗಂಗೆ ಇಲ್ಲವಲ್ಲ ಎಂಬ ಆಕ್ಷೇಪಣೆ ಬರಬಹುದು. ಬೆಟ್ಟವೇ ಆಗಬೇಕೆಂಬ ನಿಯಮವಿಲ್ಲ. ಕೆರೆಯ ಏರಿ, ಗೋಪುರ, ಹುಲ್ಲಿನ ಬಣವೆ ಯಾವುದಾದರೂ ಆದೀತು. ನಾಲ್ಕು ಕಡೆ ನಿಲ್ಲಬೇಕು, ಎರಡು ಹೊತ್ತು ನೋಡಬೇಕು, ದೂರದಿಂದಲೂ ಹತ್ತಿರದಿಂದಲೂ ಬರೆಯಬೇಕು. ಹೆಸರುಗಳನ್ನು ಆಮೇಲೆ ಕೊಡಬೇಕು.

ಇಂದು ವಿನ್ಯಾಸ ಕಲಿಯುವವನ ಮುಂದೆ ಕಂಪ್ಯೂಟರಿನ ಪರದೆಯಿದೆ, ಕೈಯಲ್ಲಿ ಮೊಬೈಲಿನ ಛಾಯಾಚಿತ್ರವಿದೆ. ಇವನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಆದರೆ ಬೇರೊಬ್ಬನು ತೆಗೆದ ಛಾಯಾಚಿತ್ರ ವಿದ್ಯಾರ್ಥಿಯ ಕೈಸೇರುವ ಮೊದಲೇ ನಿಲ್ಲುವ ಜಾಗದ ಆಯ್ಕೆ ಮುಗಿದಿರುತ್ತದೆ, ಬೆಳಕಿನ ಆಯ್ಕೆ ಮುಗಿದಿರುತ್ತದೆ, ಘನರೂಪ ಆಕಾರವಾಗಿ ಚಪ್ಪಟೆಯಾಗಿರುತ್ತದೆ. ಬುನಾದಿ ಪಾಠ ಕಲಿಸಬೇಕಾದ ನಿರ್ಧಾರಗಳೆಲ್ಲ ಅದರಲ್ಲಿ ಮೊದಲೇ ಆಗಿಹೋಗಿರುವುದರಿಂದ ವಿದ್ಯಾರ್ಥಿಗೆ ಉಳಿಯುವುದು ನಕಲಿನ ಕೆಲಸ.

ಆದ್ದರಿಂದ ಪರೀಕ್ಷೆಯಲ್ಲಿ ‘ಆಕಾರವೆಂದರೇನು’ ಎಂದು ಕೇಳುವುದಕ್ಕೆ ಬದಲಾಗಿ, ‘ಈ ಚಿತ್ರ ಬರೆಯುವಾಗ ಎಲ್ಲಿ ನಿಂತಿದ್ದೆ, ಅಲ್ಲಿಯೇ ಏಕೆ ನಿಂತೆ’ ಎಂದು ಕೇಳುವ ಪದ್ಧತಿಯನ್ನು ಅಧ್ಯಾಪಕರು ಆಚರಣೆಗೆ ತರಬೇಕೆಂದು ಸೂಚಿಸುತ್ತೇವೆ. ಇದಕ್ಕೆ ಬಾಯಿಪಾಠದ ಉತ್ತರವಿಲ್ಲ. ಪೂರ್ವದಲ್ಲಿ ನಿಂತು ಗಣಪತಿಯನ್ನು ಬರೆದು ತಂದವನು ಈ ಒಂದು ಪ್ರಶ್ನೆಯಲ್ಲಿಯೇ ಸಿಕ್ಕಿಬೀಳುತ್ತಾನೆ. ನಂದಿಯನ್ನು ಕಾಣದೆ ಕಂಡಷ್ಟನ್ನೇ ಬರೆದವಳು ತೇರ್ಗಡೆಯಾಗುತ್ತಾಳೆ.