ಈವರೆಗಿನ ಅಧ್ಯಯನಗಳು

ಪಿಎಚ್.ಡಿ. ಪ್ರಬಂಧ ಕೈಗೆ ಬಂದರೆ ನಾನು ಮೊದಲು ತೆರೆಯುವುದು ‘ಈವರೆಗಿನ ಅಧ್ಯಯನಗಳ ಸಮೀಕ್ಷೆ’ ಎಂಬ ಭಾಗವನ್ನು. ಸಂಶೋಧಕರು ಎಷ್ಟು ಓದಿದ್ದಾರೆ, ಓದಿದ್ದು ಎಷ್ಟು ಮೈಗೂಡಿದೆ ಎಂಬುದು ಅಲ್ಲಿಯೇ ತಿಳಿದುಬಿಡುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ವಿಷಯ ಹಿಡಿದ ಪ್ರಬಂಧಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಈ ವಿಷಯದ ಮೇಲೆ ಇದುವರೆಗೆ ಯಾರೂ ಕೆಲಸ ಮಾಡಿಲ್ಲ. ಕನ್ನಡದಲ್ಲಿ ಹುಡುಕಿದ್ದಾರೆ, ಮರಾಠಿ ಕಪಾಟಿನ ಕಡೆ ಹೊರಳಿ ನೋಡಿಲ್ಲ, ಅಷ್ಟೇ. ಮರಾಠಿ ಪ್ರಬಂಧಗಳಲ್ಲಿ ಇದೇ ಕೊರತೆ ತಿರುಗುಮುರುಗಾಗಿ ಇರುತ್ತದೆ. ಈ ನೆಲದಲ್ಲಿ ಒಂದೇ ಭಾಷೆಯಲ್ಲಿ ಮಾಡಿದ ಸಮೀಕ್ಷೆ ಅರ್ಧ ಸಮೀಕ್ಷೆ.

ಸಿದ್ಧರಾಮನನ್ನೇ ತೆಗೆದುಕೊಳ್ಳಿ. 12ನೆಯ ಶತಮಾನದ ಈ ಶರಣ ಸೊನ್ನಲಿಗೆಯಲ್ಲಿ, ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿದ, ವಚನ ಬರೆದ. ಮುಂದಿನ ಶತಮಾನದಲ್ಲಿ ರಾಘವಾಂಕ ‘ಸಿದ್ಧರಾಮ ಚಾರಿತ್ರ’ ರಚಿಸಿದ. ನಮ್ಮ ವಿದ್ಯಾರ್ಥಿಗಳು ಸಮೀಕ್ಷೆಯನ್ನು ರಾಘವಾಂಕನಿಂದ ಶುರು ಮಾಡಿ, ಇಸವಿಯ ಪ್ರಕಾರ ಪುಸ್ತಕಕ್ಕೊಂದು ಪ್ಯಾರಾ ಬರೆದು ಕೈ ತೊಳೆದುಕೊಳ್ಳುತ್ತಾರೆ. ರಾಘವಾಂಕ ಇಲ್ಲಿ ಆಕರ, ಅವನನ್ನು ಅಧ್ಯಯನಗಳ ಸಾಲಿನಲ್ಲಿ ಕೂರಿಸುವುದು ತಪ್ಪು. ಅವನ ಕಾವ್ಯವನ್ನು ಇತಿಹಾಸವೆಂದು ಓದಿದವರು ಯಾರು, ಪುರಾಣವೆಂದು ಬದಿಗಿಟ್ಟವರು ಯಾರು, ಶಾಸನದೊಂದಿಗೆ ತಾಳೆ ನೋಡಿದವರು ಯಾರು ಎಂಬಲ್ಲಿಂದ ಸಮೀಕ್ಷೆ ಆರಂಭವಾಗಬೇಕು.

ಜಯದೇವಿತಾಯಿ ಲಿಗಾಡೆಯವರ ವಿಷಯದಲ್ಲಿಯೂ ಹೀಗೆಯೇ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ತಾಯಿಯವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರು. ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಬರೆದ ಅವರೇ ಶರಣರ ಮಾತನ್ನು ಮರಾಠಿಗೂ ಒಯ್ದವರು. ಅವರನ್ನು ಕುರಿತ ಕನ್ನಡ ಲೇಖನಗಳನ್ನಷ್ಟೇ ಓದಿ ಬರೆದರೆ ಆ ಬಾಳಿನ ಅರ್ಧ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಸಮೀಕ್ಷೆಯ ಸೊಗಸು ಕಾಣಬೇಕೆಂದರೆ ಭೀಮಾ, ಸೀನಾ ನದಿಗಳು ಕೂಡುವ ಹತ್ತರಸಂಗ ಕೂಡಲಕ್ಕೆ ಬರಬೇಕು. ಇಲ್ಲಿನ ಸಂಗಮೇಶ್ವರ ಗುಡಿಯಲ್ಲಿ ಶಕ 940ರ, ಅಂದರೆ ಕ್ರಿ.ಶ. 1018ರ ಶಾಸನವಿದೆ. ಅದರಲ್ಲಿನ ಒಂದು ಮರಾಠಿ ಸಾಲಿನತ್ತ ವಿದ್ವಾಂಸರ ಗಮನ ಸೆಳೆದವರು ಸೊಲ್ಲಾಪುರದ ಆನಂದ ಕುಂಭಾರರು. ಮರಾಠಿಯ ಮೊದಲ ಶಾಸನ ಯಾವುದು ಎಂಬ ಪ್ರಶ್ನೆಗೆ ಬಹುಕಾಲ ಪಠ್ಯಪುಸ್ತಕಗಳು ಕೊಟ್ಟ ಉತ್ತರ ಶ್ರವಣಬೆಳಗೊಳ. ಗೊಮ್ಮಟನ ಪಾದದ ಬಳಿಯ ಚಾವುಂಡರಾಯನ ಹೆಸರಿನ ಸಾಲು ಮೂರ್ತಿಯ ಕಾಲದ್ದೇ, 10ನೆಯ ಶತಮಾನದ್ದೇ ಎಂದು ನಂಬಿದ್ದರು. ಅದರ ಜೊತೆಗಿರುವ ಇನ್ನೊಂದು ಮರಾಠಿ ಸಾಲಿನಲ್ಲಿ ಬರುವವನು ಗಂಗರಾಜ, ಹೊಯ್ಸಳ ವಿಷ್ಣುವರ್ಧನನ ದಂಡನಾಯಕ, 12ನೆಯ ಶತಮಾನದವನು. ಎರಡೂ ಸಾಲು ಒಂದೇ ಕಾಲಕ್ಕೆ ಕೆತ್ತಿದವಾದರೆ ಮೊದಲಿನ ಲೆಕ್ಕ ಕೆಡುತ್ತದೆ. ಅತ್ತ ಅಲಿಬಾಗದ ಹತ್ತಿರದ ಅಕ್ಷಿಯ ಕಲ್ಲನ್ನು ಶಕ 934ರದೆಂದು, ಅಂದರೆ 1012ರದೆಂದು ಓದಿದವರಿದ್ದಾರೆ. ಆ ತೇದಿಯನ್ನು ಒಪ್ಪದವರೂ ಇದ್ದಾರೆ. ಶಂ. ಗೋ. ತುಳಪುಳೆಯವರು ಹಳೆಯ ಮರಾಠಿ ಶಾಸನಗಳನ್ನು ಒಟ್ಟುಮಾಡಿ 1963ರಲ್ಲಿ ತಂದ ಸಂಪುಟ ಒಂದು ಕಡೆ. ಶ್ರೀನಿವಾಸ ರಿತ್ತಿ ಮತ್ತು ಆನಂದ ಕುಂಭಾರರು ಸಂಪಾದಿಸಿ, 1988ರಲ್ಲಿ ಧಾರವಾಡದಿಂದ ಹೊರಬಂದ ಸೊಲ್ಲಾಪುರ ಜಿಲ್ಲೆಯ ಶಾಸನ ಸಂಪುಟ ಇನ್ನೊಂದು ಕಡೆ. ಇವೆರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಬಿಚ್ಚಿಟ್ಟುಕೊಳ್ಳದೆ ಈ ಚರ್ಚೆಗೆ ಇಳಿಯುವಂತಿಲ್ಲ.

ಇಂಥಲ್ಲಿ ನಾನು ವಿದ್ಯಾರ್ಥಿಗಳಿಗೆ ಹೇಳುವುದು ಇಷ್ಟು. ಹಾಳೆಯನ್ನು ಅಡ್ಡ ಇಟ್ಟು ಕಾಲಂ ಎಳೆಯಿರಿ. ಯಾರು ಹೇಳಿದರು, ಯಾವ ವರ್ಷ, ಕಲ್ಲನ್ನೇ ನೋಡಿ ಓದಿದರೋ, ಅದರ ಪಡಿಯಚ್ಚು ನೋಡಿಯೋ, ಇನ್ನೊಬ್ಬರ ಪುಸ್ತಕದಿಂದ ಎತ್ತಿಕೊಂಡರೋ, ತಮಗಿಂತ ಹಿಂದಿನವರಿಗೆ ಉತ್ತರ ಕೊಟ್ಟರೋ ಇಲ್ಲವೋ. ಪುಸ್ತಕದಿಂದ ಎತ್ತಿಕೊಂಡವರು ಹತ್ತು ಜನರಿದ್ದರೂ ಅದು ಒಂದೇ ಸಾಕ್ಷಿ. ಕೊನೆಯ ಕಾಲಂ ಎಲ್ಲಿ ಖಾಲಿ ಉಳಿಯುತ್ತದೋ ಅಲ್ಲಿ ನಿಮ್ಮ ಸಂಶೋಧನೆಗೆ ಜಾಗವಿದೆ.

ಹೀಗೆ ಓದುವುದು ಹೇಗೆಂದು ಕಲಿಯಲು ದೂರ ಹೋಗಬೇಕಿಲ್ಲ. ಸೊಲ್ಲಾಪುರದ ಜೈನ ಸಂಸ್ಕೃತಿ ಸಂರಕ್ಷಕ ಸಂಘದ ಜೀವರಾಜ ಜೈನ ಗ್ರಂಥಮಾಲೆಯನ್ನು ತೆರೆದು ನೋಡಿ. ಹಂದಿಕಿಯವರು ಸೋಮದೇವನ ‘ಯಶಸ್ತಿಲಕ’ವನ್ನು ಕುರಿತು ಬರೆದ ದೊಡ್ಡ ಗ್ರಂಥ 1949ರಲ್ಲಿ ಇಲ್ಲಿಂದಲೇ ಬಂತು. ದಕ್ಷಿಣ ಭಾರತದ ಜೈನಧರ್ಮದ ಮೇಲೆ ಪಿ. ಬಿ. ದೇಸಾಯಿಯವರು ಬರೆದ ಗ್ರಂಥವೂ 1957ರಲ್ಲಿ ಇಲ್ಲಿಯೇ ಪ್ರಕಟವಾಯಿತು. ಮಾಲೆಯ ಸಂಪಾದಕರಲ್ಲಿ ಒಬ್ಬರು ಆ. ನೇ. ಉಪಾಧ್ಯೆ: ಸದಲಗಾದಲ್ಲಿ ಹುಟ್ಟಿ, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕಲಿಸಿ, 1967ರಲ್ಲಿ ಶ್ರವಣಬೆಳಗೊಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಅವರ ಪ್ರಸ್ತಾವನೆಗಳನ್ನು ನಾನು ಇಂದಿಗೂ ಆಸೆಪಟ್ಟು ಓದುತ್ತೇನೆ. ಹಿಂದಿನವರ ಮಾತನ್ನು ಮೊದಲು ಪೂರ್ತಿ ಕೇಳಿಸುತ್ತಾರೆ, ಒಪ್ಪದಿದ್ದರೆ ಕಾರಣ ಮುಂದಿಡುತ್ತಾರೆ, ದನಿ ಏರಿಸುವುದಿಲ್ಲ.

ಈಗ ಪಿಎಚ್.ಡಿ. ಪ್ರಬಂಧಗಳ ಜಾಲಭಂಡಾರ ಶೋಧಗಂಗಾ ಇದೆ, ಮನೆಯಲ್ಲಿ ಕುಳಿತೇ ಪ್ರಬಂಧ ಓದಬಹುದು. ಆದರೆ ಹಳೆಯ ಕನ್ನಡ ಪ್ರಬಂಧಗಳಲ್ಲಿ ಅನೇಕವು ಸ್ಕ್ಯಾನ್ ಮಾಡಿದ ಚಿತ್ರಗಳು, ಇಲ್ಲವೇ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಟೈಪಾದವು. ಒಳಗಿನ ಪದ ಹುಡುಕಿದರೆ ಸಿಗುವುದಿಲ್ಲ. ಊರ ಹೆಸರನ್ನು ಸೊನ್ನಲಿಗೆ, ಸೊಲ್ಲಾಪುರ, ಸೋಲಾಪುರ, ಶೋಲಾಪುರ ಎಂದೆಲ್ಲ ಬರೆದು ಹುಡುಕಬೇಕು, ದೇವನಾಗರಿಯಲ್ಲಿ ಬೇರೆ, ಇಂಗ್ಲಿಷಿನಲ್ಲಿ ಬೇರೆ. 1884ರ ಬಾಂಬೆ ಗೆಝೆಟಿಯರಿನಲ್ಲಿ ಇದು ಶೋಲಾಪುರ. ಪರದೆಯ ಮೇಲೆ ಏನೂ ಬರಲಿಲ್ಲವೆಂದರೆ ಕೆಲಸವೇ ನಡೆದಿಲ್ಲ ಎಂದು ತಿಳಿಯಬಾರದು. ಸಿಕ್ಕ ಪ್ರಬಂಧದ ಗ್ರಂಥಋಣದ ಪುಟಗಳನ್ನು ಬೆರಳಿಟ್ಟು ಓದಿ; ಹುಡುಕುಪೆಟ್ಟಿಗೆಗೆ ಸಿಗದ ಹೆಸರುಗಳು ಅಲ್ಲಿ ಸಿಗುತ್ತವೆ.

ಅಕ್ಕಲಕೋಟೆಯ ಭಾಷೆ, ಕನ್ನಡ ಶಾಲೆ, ಗಡಿ ಇವನ್ನು ವಿಷಯವಾಗಿ ಆರಿಸಿಕೊಳ್ಳುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಎರಡು ರಾಜ್ಯಗಳ ಗಡಿ ವಿವಾದ ಬಗೆಹರಿಸಲು 1966ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿ ಕೊಟ್ಟು, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿತು. ಮಹಾರಾಷ್ಟ್ರ ಆ ವರದಿಯನ್ನು ತಿರಸ್ಕರಿಸಿತು. ಅಂದಿನಿಂದ ಎರಡೂ ಕಡೆ ಬರಹ ಬೆಳೆದಿದೆ. ಒಬ್ಬರದನ್ನು ಇನ್ನೊಬ್ಬರು ಓದಿದ ಗುರುತು ಅಪರೂಪ. ಈ ವಿಷಯ ಹಿಡಿದವರು ಮೊದಲು ವರದಿಯನ್ನೇ ತರಿಸಿಕೊಂಡು ಅಕ್ಕಲಕೋಟೆಯ ಭಾಗವನ್ನು ಓದಲಿ, ಆಮೇಲೆ ಅದನ್ನು ಒಪ್ಪದ ಮರಾಠಿ ಬರಹ, ಅದಾದ ಮೇಲೆ ಒಪ್ಪುವ ಕನ್ನಡ ಬರಹ. ಈ ಕ್ರಮದಲ್ಲಿ ಓದಿದವರಿಗೆ ಯಾರು ವರದಿಯನ್ನು ಕಂಡು ಬರೆದಿದ್ದಾರೆ, ಯಾರು ಕಾಣದೆ ಬರೆದಿದ್ದಾರೆ ಎಂಬುದು ಮೊದಲ ವಾರದಲ್ಲಿಯೇ ಗೊತ್ತಾಗುತ್ತದೆ.