ಮುಗಿಸಿದವನ ಪಾಠ

ನನ್ನ ಲ್ಯಾಪ್‌ಟಾಪಿನಲ್ಲಿ ‘ಪ್ರಾಕ್ಟೀಸ್’ ಅಂತ ಒಂದು ಫೋಲ್ಡರ್ ಇದೆ. ಅದರೊಳಗೆ ಪುಟಿಯುವ ಚೆಂಡುಗಳು ಹನ್ನೊಂದು, ವಾಕ್ ಸೈಕಲ್‌ಗಳು ಆರು, ಮತ್ತೆ ಬ್ಲೆಂಡರ್ ಕಲಿಯೋಕೆ ಹೊರಟವರೆಲ್ಲ ಮೊದಲು ಮಾಡುವ ಆ ಡೋನಟ್ ಒಂದು. ಎರಡು ವರ್ಷ ಆಫೀಸು ಮುಗಿಸಿ ಬಂದು, ರಾತ್ರಿ ಕೂತು ಟ್ಯುಟೋರಿಯಲ್ ನೋಡಿ ನೋಡಿ ಮಾಡಿದ್ದು. ಅರ್ಧ ನಿಮಿಷದ ಕಥೆಯೂ ಅದರಲ್ಲಿಲ್ಲ. ‘ಅಷ್ಟೊತ್ತು ಏನೋ ಮಾಡ್ತಿರ್ತೀಯ?’ ಅಂತ ಅಮ್ಮ ಕೇಳಿದರೆ ತೋರಿಸೋಕೆ ಚೆಂಡು ಬಿಟ್ಟು ಬೇರೇನಿಲ್ಲ.

ಹಾಗಿರುವಾಗ ನೋಡಿದ್ದು ಲಾಟ್ವಿಯಾದ ಗಿಂಟ್ಸ್ ಜಿಲ್ಬಲೋಡಿಸ್ ಮಾಡಿದ ‘ಅವೇ’ (2019). ಹೆಸರನ್ನು ಕನ್ನಡದಲ್ಲಿ ಬರೆದರೆ ನನ್ನ ಫೋಲ್ಡರಿಗೇ ಹೊಂದುತ್ತೆ: ಅವೇ, ಅವೇ, ಮತ್ತೆ ಅವೇ! ಆದರೆ ಈತ ತಾನಾಗಿಯೇ ಕಲಿತು, 75 ನಿಮಿಷದ ಸಿನಿಮಾವನ್ನು ಒಬ್ಬನೇ ಮುಗಿಸಿದ್ದಾನೆ. ಕಥೆ, ಅನಿಮೇಶನ್, ಎಡಿಟಿಂಗ್, ಸಂಗೀತ ಎಲ್ಲ ಅವನದೇ. ಹಿಡಿದದ್ದು ಸುಮಾರು ಮೂರೂವರೆ ವರ್ಷ.

ಕಥೆ ಇಷ್ಟೇ. ಪ್ಯಾರಾಚೂಟಿನಲ್ಲಿ ಮರಕ್ಕೆ ಸಿಕ್ಕಿಕೊಂಡ ಹುಡುಗನೊಬ್ಬ ಎಚ್ಚರಾಗುತ್ತಾನೆ. ಕಪ್ಪು ದೈತ್ಯವೊಂದು ಅವನ ಹಿಂದೆ ಬೀಳುತ್ತದೆ. ಒಂದು ಮೋಟಾರ್‌ಬೈಕು, ಒಂದು ಪುಟ್ಟ ಹಳದಿ ಹಕ್ಕಿ ಜೊತೆಯಾಗುತ್ತವೆ. ಇಡೀ ಸಿನಿಮಾದಲ್ಲಿ ಒಂದು ಮಾತಿಲ್ಲ.

ನಿಜ ಹೇಳಬೇಕಂದ್ರೆ, ಅನಿಮೇಶನ್ ಅಂಥ ಅದ್ಭುತವೇನಲ್ಲ. ಹುಡುಗನ ಮುಖದಲ್ಲಿ ಭಾವ ಕಡಿಮೆ, ನಡಿಗೆಯಲ್ಲಿ ತೂಕವಿಲ್ಲ. ಕೆಲವು ಕಡೆ ಯಾರೋ ಆಡ್ತಿರೋ ವಿಡಿಯೋ ಗೇಮನ್ನು ಪಕ್ಕದಲ್ಲಿ ಕೂತು ನೋಡಿದ ಹಾಗಿದೆ. ಮೊದಲ ಹತ್ತು ನಿಮಿಷ ನಾನು ತಪ್ಪು ಹುಡುಕುತ್ತಲೇ ಕೂತಿದ್ದೆ. ಆಮೇಲೆ ಬೇರೇನೋ ಕಾಣಿಸಿತು. ಮಾತಿಲ್ಲ ಅಂದರೆ ತುಟಿ ಕೂಡಿಸುವ ಕೆಲಸವಿಲ್ಲ. ಬೈಕಿದ್ದರೆ ಸಿನಿಮಾ ಉದ್ದಕ್ಕೂ ಹುಡುಗನನ್ನು ನಡೆಸಬೇಕಿಲ್ಲ. ದೈತ್ಯಕ್ಕೆ ಓಡೋದೇ ಗೊತ್ತಿಲ್ಲ, ಮೆಲ್ಲಗೆ ಬರುತ್ತೆ ಅಷ್ಟೇ. ಹಾಗೆ ಅವಸರವಿಲ್ಲದೆ ಬರೋದರಿಂದಲೇ ಅದು ಭಯ ಹುಟ್ಟಿಸುತ್ತೆ. ಒಬ್ಬನ ಕೈಯಲ್ಲಿ ಆಗದ್ದೆಲ್ಲ ಇಲ್ಲಿ ಕಥೆಯೊಳಗೇ ಕರಗಿದೆ. ನನಗೆ ವಾಕ್ ಸೈಕಲ್ ಸರಿಯಾಗದಿದ್ದಾಗ ನಾನು ಏಳನೆಯದಕ್ಕೆ ಟ್ಯುಟೋರಿಯಲ್ ಹುಡುಕಿದೆ. ಇವನು ಹುಡುಗನನ್ನು ಬೈಕು ಹತ್ತಿಸಿದ.

ಹಾಗಂತ ‘ಒಬ್ಬನೇ ಮಾಡಿದ’ ಅನ್ನೋದನ್ನೇ ಹಾಡಿ ಹೊಗಳೋದು ನನಗೆ ಒಗ್ಗಲ್ಲ. ಸಿನಿಮಾ ನಡುವೆ ಜಗ್ಗುತ್ತೆ. ಪಕ್ಕದಲ್ಲಿ ಇನ್ನೊಬ್ಬ ಇದ್ದಿದ್ದರೆ ‘ಇಷ್ಟುದ್ದ ಬೇಡ ಮಾರಾಯ’ ಅಂದಿರೋನು. ಅದು ಜಿಲ್ಬಲೋಡಿಸ್‌ಗೂ ಅನ್ನಿಸಿರಬೇಕು. 2025ರಲ್ಲಿ ಆಸ್ಕರ್ ಗೆದ್ದ ಅವನ ‘ಫ್ಲೋ’ ಮಾಡಿದ್ದು ಒಂದು ತಂಡ. ಪುಕ್ಕಟೆ ಸಿಗುವ ಅದೇ ಬ್ಲೆಂಡರಿನಲ್ಲಿ. ಒಂಟಿ ಬೆಕ್ಕೊಂದು ಪ್ರವಾಹದ ನಡುವೆ ಬೇರೆ ಪ್ರಾಣಿಗಳ ಜೊತೆ ಒಂದೇ ದೋಣಿಯಲ್ಲಿ ಬದುಕೋದು ಕಲಿಯುವ ಕಥೆ ಅದು. ನೀರಿಗೆ ಹೆದರುವ ಬೆಕ್ಕನ್ನು ಅವನು 2012ರಲ್ಲೇ ‘ಆಕ್ವಾ’ ಎಂಬ ಕಿರುಚಿತ್ರದಲ್ಲಿ ಮಾಡಿದ್ದ. ನಡುವಿನ ಹನ್ನೆರಡು ವರ್ಷವೂ ಅವನಿಗೆ ಪ್ರಾಕ್ಟೀಸೇ. ಆದರೆ ಪ್ರತಿ ಸಲವೂ ಒಂದು ಸಿನಿಮಾ ಮುಗಿದಿದೆ, ಯಾರೋ ನೋಡಿದ್ದಾರೆ. ನನ್ನ ಚೆಂಡುಗಳನ್ನು ನೋಡಿದವರು ಯಾರೂ ಇಲ್ಲ. ಸ್ವಂತವಾಗಿ ಕಲಿಯುವವರಿಗೆ ಇರೋ ದೊಡ್ಡ ಸುಖ ಅದೇ, ದೊಡ್ಡ ಅಪಾಯವೂ ಅದೇ: ‘ಇನ್ನೂ ಕಲೀತಿದ್ದೀನಿ’ ಅಂತ ಎಷ್ಟು ವರ್ಷ ಬೇಕಾದರೂ ಹೇಳ್ಕೊಂಡಿರಬಹುದು.

ಕಳೆದ ತಿಂಗಳು ಮೂವತ್ತು ಸೆಕೆಂಡಿನದೊಂದು ಮುಗಿಸಿದೆ. ಸೆಕೆಂಡಿಗೆ 24ರಂತೆ 720 ಫ್ರೇಮು. ನಮ್ಮ ಬೀದಿಯ ನಾಯಿ, ಮಳೆ, ನಿಲ್ಲಿಸಿದ ಸ್ಕೂಟರು. ನಾಯಿ ನಡೆಯಲ್ಲ, ಯಾಕಂದ್ರೆ ನನಗೆ ನಡೆಸೋಕೆ ಬರಲ್ಲ. ಸ್ಕೂಟರಿನ ಕೆಳಗೆ ಮಲಗಿ ಬಾಲ ಆಡಿಸುತ್ತೆ ಅಷ್ಟೇ.

ಅಮ್ಮ ಎರಡು ಸಲ ನೋಡಿದರು. ‘ಬಾಲ ಚೆನ್ನಾಗಿ ಬಂದಿದೆ ಕಣೋ. ಅದು ಯಾಕೆ ಏಳೋದೇ ಇಲ್ಲ?’ ಅಂದರು.

ಮುಂದಿನದರಲ್ಲಿ ಏಳುತ್ತೆ ಅಂದಿದ್ದೀನಿ.