ಚಲಚ್ಚಿತ್ರದಲ್ಲಿ ಕಿತ್ತೂರ ರಾಣಿ: ಇಬ್ಬರು ನಟಿಯರ ಚೆನ್ನಮ್ಮ

ಒಂದೇ ವೀರಪಾತ್ರವನ್ನು ಇಬ್ಬರು ಕಲಾವಿದರು ಬೇರೆ ಬೇರೆ ಕಾಲದಲ್ಲಿ ಧರಿಸಿದಾಗ, ಯಾರದು ಹೆಚ್ಚೆಂಬ ಪ್ರಶ್ನೆ ರಸಿಕರಲ್ಲಿ ತಾನಾಗಿಯೇ ಹುಟ್ಟುತ್ತದೆ. ಇತಿಹಾಸದ ಅಭ್ಯಾಸಿಗಳಿಗೆ ಅದರ ಬೆನ್ನಿಗೆ ಮತ್ತೊಂದು ಪ್ರಶ್ನೆಯೂ ಬರುತ್ತದೆ: ನೋಡಿದವರ ಮನಸ್ಸಿನಲ್ಲಿ ನಿಂತದ್ದು ನಟಿಯೋ, ರಾಣಿಯೋ? ಈ ಎರಡನೆಯ ಪ್ರಶ್ನೆಗೋಸ್ಕರವೇ ನಾವು ಮೊದಲನೆಯದನ್ನು ಕೈಗೆತ್ತಿಕೊಂಡಿದ್ದೇವೆ.

1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ದೇಶಿಸಿದ ‘ಕಿತ್ತೂರು ಚೆನ್ನಮ್ಮ’ ಚಿತ್ರದಲ್ಲಿ ಬಿ. ಸರೋಜಾದೇವಿಯವರು ರಾಣಿಯ ಪಾತ್ರವನ್ನು ವಹಿಸಿದರು. ಮಲ್ಲಸರ್ಜನಾಗಿ ರಾಜಕುಮಾರ್ ಅಭಿನಯಿಸಿದ್ದರು. ಅರ್ಧ ಶತಮಾನ ಕಳೆದ ಮೇಲೆ, 2012ರಲ್ಲಿ, ನಾಗಣ್ಣ ನಿರ್ದೇಶಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಚಿತ್ರದಲ್ಲಿ ಜಯಪ್ರದಾ ಅವರು ಅದೇ ರಾಣಿಯಾಗಿ ಕಾಣಿಸಿಕೊಂಡರು. ಬೈಲಹೊಂಗಲದಲ್ಲಿ ಕುಳಿತು ಈ ಎರಡನ್ನು ತೂಗಿ ನೋಡುವುದಕ್ಕೆ ಕಾರಣ ಉಂಟು. ಚೆನ್ನಮ್ಮ ಸೆರೆಯಲ್ಲಿದ್ದು 1829ರಲ್ಲಿ ಕೊನೆಯುಸಿರೆಳೆದದ್ದು ಈ ಊರಿನಲ್ಲಿಯೇ. ಆಕೆಯ ಸಮಾಧಿಯೂ ಇಲ್ಲಿಯೇ ಇದೆ. ಆದರೂ ಇಲ್ಲಿಯ ವಿದ್ಯಾರ್ಥಿಯನ್ನು ಕಿತ್ತೂರ ಯುದ್ಧಕ್ಕೆ ಕಾರಣವೇನೆಂದು ಕೇಳಿದರೆ, ‘ಕಪ್ಪ’ ಎಂಬ ಒಂದೇ ಶಬ್ದದಲ್ಲಿ ಉತ್ತರ ಮುಗಿದುಬಿಡುತ್ತದೆ. ಆ ಉತ್ತರ ಬಂದದ್ದು ಪಠ್ಯಪುಸ್ತಕದಿಂದಲ್ಲ, ಬೆಳ್ಳಿತೆರೆಯಿಂದ.

ಮೊದಲು ವಯಸ್ಸಿನ ಮಾತು. ಚೆನ್ನಮ್ಮ ಹುಟ್ಟಿದ್ದು 1778ರಲ್ಲಿ, ಕಾಕತಿಯಲ್ಲಿ, ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ವಿಚಾರ. ಅಂದ ಮೇಲೆ 1824ರಲ್ಲಿ ಆಕೆಗೆ ನಾಲ್ವತ್ತಾರು ವರುಷ. ಗಂಡನು ತೀರಿ ಎಂಟು ವರುಷಗಳಾಗಿದ್ದವು. ಪೇಶವೆಯ ಸೆರೆ, ಮರಾಠ ರಾಜ್ಯದ ಪತನ, ಕಂಪನಿಯ ಆಗಮನ, ಇವನ್ನೆಲ್ಲ ಕಣ್ಣಾರೆ ಕಂಡ ಹಿರಿಯ ಹೆಣ್ಣುಮಗಳು ಆಕೆ. 1938ರಲ್ಲಿ ಜನಿಸಿದ ಸರೋಜಾದೇವಿಯವರಿಗೆ ಚಿತ್ರ ತೆರೆಕಂಡಾಗ ಇಪ್ಪತ್ತಮೂರು. 1962ರಲ್ಲಿ ಜನಿಸಿದ ಜಯಪ್ರದಾ ಅವರಿಗೆ ತಮ್ಮ ಚಿತ್ರ ಬಂದಾಗ ಐವತ್ತು. ರಾಣಿಯ ನಿಜವಾದ ವಯಸ್ಸಿಗೆ ಎರಡನೆಯವರೇ ಸಮೀಪ. ನಟನೆಗೂ ವಯಸ್ಸಿಗೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಬೇರೆ ಪಾತ್ರಗಳಲ್ಲಿ ಸಂಬಂಧವಿಲ್ಲದಿರಬಹುದು. ಇಲ್ಲಿ ಉಂಟು, ಏಕೆಂದರೆ ಕಿತ್ತೂರಿನ ಪ್ರಕರಣವು ಬಿಸಿರಕ್ತದ ಆವೇಶದ ಕಥೆಯಲ್ಲ, ಸಂಸ್ಥಾನವೊಂದರ ಉಳಿವಿಗಾಗಿ ವಿಧವೆಯಾದ ಹಿರಿಯ ರಾಣಿಯೊಬ್ಬಳು ಲೆಕ್ಕ ಹಾಕಿ ಇಟ್ಟ ಹೆಜ್ಜೆಗಳ ಕಥೆ.

ಸರೋಜಾದೇವಿಯವರ ಪರವಾಗಿ ಹೇಳಬೇಕಾದ ಮಾತು ಬಹಳವಿದೆ. ಆ ಚಿತ್ರದಲ್ಲಿ ಪಾತ್ರಕ್ಕೆ ಬೆಳವಣಿಗೆ ಇದೆ. ಕನ್ಯೆ, ಮಡದಿ, ವಿಧವೆ, ಒಡತಿ ಎಂಬ ನಾಲ್ಕು ಅವಸ್ಥೆಗಳನ್ನು ದಾಟಿ ಬರುವ ಹೊಣೆ ನಟಿಯ ಮೇಲಿದೆ, ಅದನ್ನು ಅವರು ಹೊತ್ತಿದ್ದಾರೆ. ಅವರ ಕಂಠ ಸ್ವಭಾವತಃ ಮೃದು, ಒಂದಿಷ್ಟು ಮಗುತನದ್ದು. ಮೊದಲ ಭಾಗದ ಲಾಲಿತ್ಯಕ್ಕೆ ಅದು ಒಪ್ಪುತ್ತದೆ. ಮುಂದೆ ದರ್ಬಾರಿನಲ್ಲಿ ಅದೇ ಕಂಠ ಏರಿದಾಗ, ಮೃದುತ್ವವೇ ಕೋಪಕ್ಕೆ ಅಂಚು ಕೊಡುತ್ತದೆ. ದೊಡ್ಡ ದನಿಯವರು ಗರ್ಜಿಸಿದರೆ ಆಶ್ಚರ್ಯವಿಲ್ಲ. ಮೆಲುದನಿಯವರು ಗರ್ಜಿಸಿದರೆ ಸಭೆ ತಲೆಯೆತ್ತಿ ನೋಡುತ್ತದೆ. ಕಪ್ಪದ ಆ ಸಂಭಾಷಣೆಯನ್ನು ಇಂದಿಗೂ ನಮ್ಮ ಶಾಲೆಗಳ ವೇಷಭೂಷಣ ಸ್ಪರ್ಧೆಗಳಲ್ಲಿ ಏಳೆಂಟು ವರುಷದ ಬಾಲಿಕೆಯರು ಸೊಂಟಕ್ಕೆ ಕತ್ತಿ ಕಟ್ಟಿಕೊಂಡು ಒಪ್ಪಿಸುತ್ತಾರೆ. ಅವರು ಅನುಕರಿಸುವುದು ಚೆನ್ನಮ್ಮನನ್ನಲ್ಲ, ಸರೋಜಾದೇವಿಯವರನ್ನು. 2025ರ ಜುಲೈಯಲ್ಲಿ ನಟಿ ತೀರಿಕೊಂಡಾಗ ನಾಡು ನೆನೆದ ಪಾತ್ರಗಳಲ್ಲಿ ಇದೂ ಒಂದು.

ಆದರೆ ನಮ್ಮ ತೊಡಕು ಇರುವುದು ಆ ಸಂಭಾಷಣೆಯಲ್ಲಿಯೇ. ಇದೇ ಪಂತುಲು ಅವರು ಎರಡು ವರುಷ ಹಿಂದೆ, 1959ರಲ್ಲಿ, ತಮಿಳಿನಲ್ಲಿ ‘ವೀರಪಾಂಡ್ಯ ಕಟ್ಟಬೊಮ್ಮನ್’ ಚಿತ್ರವನ್ನು ತೆಗೆದಿದ್ದರು. ಶಿವಾಜಿ ಗಣೇಶನ್ ಅವರು ಅದರಲ್ಲಿ ಕಂಪನಿಯ ಅಧಿಕಾರಿಯೆದುರು ಕಪ್ಪವನ್ನು ಕುರಿತು ಆಡುವ ಮಾತು ತಮಿಳುನಾಡಿನಲ್ಲಿ ಮನೆಮಾತಾಯಿತು. ಪಾಂಚಾಲಂಕುರಿಚ್ಚಿಯ ಪಾಳೆಯಗಾರನಿಗೂ ಕಂಪನಿಗೂ ಬಿದ್ದ ಜಗಳದಲ್ಲಿ ಬಾಕಿ ಕಪ್ಪವೇ ಮುಖ್ಯ ವಿಷಯ. ಆದಕಾರಣ ಅಲ್ಲಿ ಆ ಮಾತಿಗೆ ಇತಿಹಾಸದ ಆಸರೆ ಇದೆ. ಅದೇ ಅಚ್ಚಿನಲ್ಲಿ ಕಿತ್ತೂರ ರಾಣಿಯನ್ನು ಎರಕ ಹೊಯ್ದಾಗ ಮಾತು ಉಳಿಯಿತು, ಆಸರೆ ಕಳಚಿತು.

ಕಿತ್ತೂರಿನಲ್ಲಿ ನಡೆದದ್ದೇನು? ಸಂಸ್ಥಾನವು ಕಂಪನಿಗೆ ಕಪ್ಪವನ್ನು ಸಲ್ಲಿಸುತ್ತಲೇ ಇತ್ತು. 1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡನು. ಅವನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಮಾನ್ಯ ಮಾಡಲಿಲ್ಲ. ಆತನು ಭಂಡಾರಕ್ಕೆ ಮುದ್ರೆ ಹಾಕಿಸಿದನು, ಕಾವಲಿಟ್ಟನು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತು. ಆ ದಿನದ ಕಾಳಗದಲ್ಲಿ ಥ್ಯಾಕರೆ ಹತನಾದನು. ಜಗಳದ ಬೇರು ದತ್ತಕದ ಹಕ್ಕಿನಲ್ಲಿದೆ, ಎಂದರೆ ಉತ್ತರಾಧಿಕಾರವನ್ನು ನಿರ್ಣಯಿಸುವವರು ಯಾರು ಎಂಬುದರಲ್ಲಿದೆ. ಡಾಲ್‌ಹೌಸಿ ಈ ದೇಶಕ್ಕೆ ಬಂದದ್ದು 1848ರಲ್ಲಿ. ಅವನ ಹೆಸರಿನೊಡನೆ ನಾವು ಓದುವ ನೀತಿಯ ರುಚಿಯನ್ನು ಕಿತ್ತೂರು ಇಪ್ಪತ್ತನಾಲ್ಕು ವರುಷ ಮೊದಲೇ ಕಂಡಿತ್ತು. ಭಾರತದ ಇತಿಹಾಸದಲ್ಲಿ ಕಿತ್ತೂರಿಗೆ ಸಲ್ಲಬೇಕಾದ ಸ್ಥಾನವು ಈ ಅಂಶದಲ್ಲಿಯೇ ಅಡಗಿದೆ. ಕಪ್ಪದ ಮಾತಿನ ಸೊಗಸು ಅದನ್ನೇ ಮರೆಸಿದೆ.

ಇದು ನಟಿಯ ದೋಷವಲ್ಲ. ಬರೆದುಕೊಟ್ಟ ಮಾತನ್ನು ಅಷ್ಟು ಚೆನ್ನಾಗಿ ಆಡಿದ್ದೇ ಅವರ ಮೇಲಿನ ಆರೋಪವಾದರೆ, ಅಂಥ ಆರೋಪ ಎಲ್ಲ ನಟರಿಗೂ ದೊರೆಯಲಿ.

ಜಯಪ್ರದಾ ಅವರದು ಬೇರೆಯೇ ಸ್ಥಿತಿ. ಕನ್ನಡಕ್ಕೆ ಅವರು ಹೊಸಬರಲ್ಲ; ‘ಸನಾದಿ ಅಪ್ಪಣ್ಣ’, ‘ಕವಿರತ್ನ ಕಾಳಿದಾಸ’ ಚಿತ್ರಗಳಲ್ಲಿ ರಾಜಕುಮಾರರೆದುರು ಅಭಿನಯಿಸಿದವರು. ಅವರ ಚೆನ್ನಮ್ಮ ಹೆಚ್ಚು ಓಡಾಡುವವಳಲ್ಲ. ಮುಖದಲ್ಲಿ ಆಳಿದವರ ಆಯಾಸವಿದೆ, ನಿಲುವಿನಲ್ಲಿ ಗೌರವವಿದೆ. ತಾಯಿಯಂಥ ಒಡತಿ ಎಂಬ ಭಾವವನ್ನು ಅವರು ಬಲು ಸುಲಭವಾಗಿ ತರುತ್ತಾರೆ. ಆದರೆ ಚಿತ್ರದ ಹೆಸರೇ ಹೇಳುವಂತೆ ಕಥೆ ರಾಯಣ್ಣನದು. ಆ ಪಾತ್ರದಲ್ಲಿ ದರ್ಶನ್ ಇದ್ದಾರೆ. ರಾಣಿಯು ನಾಯಕನ ನಿಷ್ಠೆಗೆ ನೆಲೆಯಾಗಿ ನಿಲ್ಲುತ್ತಾಳೆಯೇ ಹೊರತು ತಾನೇ ನಿರ್ಣಯಿಸುವವಳಾಗಿ ಬೆಳೆಯುವುದಕ್ಕೆ ಅವಕಾಶ ಕಡಿಮೆ. ಇದರಲ್ಲಿ ಒಂದು ನ್ಯಾಯವೂ ಇಲ್ಲದಿಲ್ಲ. ಈ ಸೀಮೆಯ ಲಾವಣಿಗಾರರ ಬಾಯಲ್ಲಿ ರಾಯಣ್ಣನ ಹಾಡು ಗಟ್ಟಿಯಾಗಿ ನಿಂತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿಯೇ ಫ್ಲೀಟನು ಅದನ್ನು ಬರೆದಿಟ್ಟುಕೊಂಡು ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದನು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆಳುಮಗನನ್ನು ಜನ ಹಾಡಿನಲ್ಲಿ ಉಳಿಸಿಕೊಂಡರು.

ಹೀಗಾಗಿ ಒಬ್ಬರಿಗೆ ಪಾತ್ರ ತುಂಬ ದೊರೆತು ವಯಸ್ಸು ದೊರೆಯಲಿಲ್ಲ. ಇನ್ನೊಬ್ಬರಿಗೆ ವಯಸ್ಸು ದೊರೆತು ಪಾತ್ರ ದೊರೆಯಲಿಲ್ಲ. ಅಭಿನಯವನ್ನಷ್ಟೇ ತೂಗುವುದಾದರೆ ನಾವು ಸರೋಜಾದೇವಿಯವರ ಕಡೆಗೇ ಒಲಿಯುತ್ತೇವೆ. ರಾಣಿ ಹೇಗಿದ್ದಿರಬಹುದೆಂದು ವಿದ್ಯಾರ್ಥಿಗೆ ತೋರಿಸಬೇಕಾದರೆ ಮಾತ್ರ ಜಯಪ್ರದಾ ಅವರ ಮೌನವಾದ ಕೆಲವು ನೋಟಗಳನ್ನು ತೋರಿಸುತ್ತೇವೆ.

ಅಭಿನಯಕ್ಕೆ ಒದಗಬಹುದಾದ ಒಂದು ಸಂದರ್ಭವನ್ನು ಇಲ್ಲಿ ಸೂಚಿಸಬಯಸುತ್ತೇವೆ. ಅಕ್ಟೋಬರ್ ಕಾಳಗದಲ್ಲಿ ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಇಬ್ಬರು ತರುಣ ಅಧಿಕಾರಿಗಳು ಕಿತ್ತೂರಿನವರ ಕೈಗೆ ಸಿಕ್ಕರು. ರಾಣಿ ಅವರನ್ನು ಕೊಲ್ಲಿಸಲಿಲ್ಲ. ಕಮಿಷನರ್ ಚಾಪ್ಲಿನ್ನನೊಡನೆ ಸಂಧಾನ ನಡೆಯಿತು. ಡಿಸೆಂಬರಿನಲ್ಲಿ ಕೋಟೆ ಬೀಳುವುದಕ್ಕೆ ಮುಂಚೆಯೇ ಅವರನ್ನು ಬಿಟ್ಟುಕೊಡಲಾಯಿತು. ಹೀಗೆ ಬದುಕಿ ಹೊರಬಂದ ವಾಲ್ಟರ್ ಎಲಿಯಟ್ಟನೇ ಮುಂದೆ ಕರ್ನಾಟಕದ ನೂರಾರು ಶಾಸನಗಳ ಪ್ರತಿಗಳನ್ನು ಸಂಗ್ರಹಿಸಿದವನು. ನಮ್ಮ ಚಾಲುಕ್ಯ ಇತಿಹಾಸದ ಅಭ್ಯಾಸಕ್ಕೆ ಆ ಸಂಗ್ರಹ ಎಷ್ಟು ನೆರವಾಯಿತೆಂಬುದನ್ನು ಇತಿಹಾಸದ ಅಧ್ಯಾಪಕರಿಗೆ ಹೇಳಬೇಕಾಗಿಲ್ಲ. ಕೈಯಲ್ಲಿ ಇಬ್ಬರು ಸೆರೆಯಾಳುಗಳು, ಬಾಗಿಲಲ್ಲಿ ಹೆಚ್ಚುತ್ತಿರುವ ಕಂಪನಿಯ ದಂಡು. ಬಿಟ್ಟರೆ ಹಿಡಿತ ಹೋಯಿತು, ಬಿಡದಿದ್ದರೆ ಸಂಧಾನ ಮುರಿಯಿತು. ಆ ವಾರಗಳ ಚೆನ್ನಮ್ಮನಿಗೆ ದೊಡ್ಡ ಮಾತುಗಳು ಬೇಕಿಲ್ಲ, ಕತ್ತಿಯೂ ಬೇಕಿಲ್ಲ. ನಾಲ್ವತ್ತೈದು ದಾಟಿದ ಸಮರ್ಥ ನಟಿಯೊಬ್ಬರು ಬೇಕು, ಆ ನಟಿ ಸುಮ್ಮನೆ ಕುಳಿತು ಯೋಚಿಸುವುದನ್ನು ತೋರಿಸುವ ಧೈರ್ಯವುಳ್ಳ ನಿರ್ದೇಶಕರೂ ಬೇಕು.